ಹಳೆಯ ಮಸೂರದ ಬೆಲೆ

ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಲೈಕಾ ಕ್ಯಾಮೆರಾ ದೊರೆತರೆ ಮನೆಮಂದಿಯೆಲ್ಲ ಹಿಗ್ಗುವುದು ಸಹಜ. ಮಸೂರದ ಸುತ್ತ ‘ಎಲ್ಮಾರ್’ ಎಂಬ ಹೆಸರಿದ್ದರಂತೂ ಕೇಳುವುದೇ ಬೇಡ! ಆದರೆ ಬೆಲೆ ಕಟ್ಟುವ ಮೊದಲು ಹೆಸರನ್ನು ಬಿಟ್ಟು ಗಾಜನ್ನು ನೋಡಬೇಕು.

1925ರಲ್ಲಿ ಜರ್ಮನಿಯ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಜನರ ಮುಂದೆ ಬಂದಿತು. ಎಲ್ಮಾರ್ ಮಸೂರವನ್ನು ರೂಪಿಸಿದವರು ಮ್ಯಾಕ್ಸ್ ಬೆರೆಕ್. 1932ರ ಮಾದರಿಯಲ್ಲಿ ಮಸೂರದೊಡನೆ ದೂರಮಾಪಕವೂ ಜೊತೆಗೂಡಿತು. ಮುಂದೆ ಸೋವಿಯತ್ ಒಕ್ಕೂಟದಲ್ಲಿ ಇದನ್ನು ಹೋಲುವ ಇಂಡಸ್ಟಾರ್ ಮಸೂರಗಳು ತಯಾರಾದುವು. ಅವುಗಳ ಮೇಲೆ ಎಲ್ಮಾರ್ ಎಂದು ಕೆತ್ತಿ ಮಾರಿದ ವಂಚಕರುಂಟು. ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಲೋಹದ ಎಸಳುಗಳೇ ಇಲ್ಲಿ ಸಾಕ್ಷಿ. ನಿಜವಾದ ಎಲ್ಮಾರ್‌ನಲ್ಲಿ ಅವು ಮೊದಲನೆಯ ಗಾಜಿನ ಬೆನ್ನಿಗೇ ಇರುತ್ತವೆ. ಇಂಡಸ್ಟಾರ್‌ನಲ್ಲಿ ಎರಡನೆಯದರ ಹಿಂದೆ.

ಇನ್ನು ದುರಸ್ತಿಯ ಮಾತು. ಕತ್ತಲೆಯಲ್ಲಿ ಮಸೂರದ ಹಿಂದಿನಿಂದ ಟಾರ್ಚು ಹಿಡಿದರೆ ರೋಗವೆಲ್ಲ ಕಾಣುತ್ತದೆ. ಹಳೆಯ ಜಿಡ್ಡಿನಿಂದ ಕವಿದ ಮಬ್ಬನ್ನು ಬಲ್ಲವರು ಬಹುಮಟ್ಟಿಗೆ ಒರೆಸಿ ತೆಗೆಯಬಲ್ಲರು. ಬೂಷ್ಟನ್ನೂ ತೆಗೆಯಬಹುದು, ಅದು ಗಾಜನ್ನು ಕೊರೆದ ಗುರುತು ಮಾತ್ರ ಹೋಗದು. ಗೀರುಗಳಿವೆಯೆಂದು ಗಾಜನ್ನು ಉಜ್ಜಿ ಹೊಳಪು ಕೊಟ್ಟರೆ ಅದರ ಬಾಗೇ ಕೆಟ್ಟೀತು. ಬಿಚ್ಚುವಾಗ ಕಾಗದದಷ್ಟು ತೆಳ್ಳನೆಯ ಲೋಹದ ಬಳೆಯೊಂದು ಕಳೆದರೂ ಸಾಕು, ದೂರಮಾಪಕಕ್ಕೂ ಮಸೂರಕ್ಕೂ ಹೊಂದಿಕೆ ತಪ್ಪಿ, ಮುಖದ ಬದಲು ಹಿಂದಿನ ಗೋಡೆ ಸ್ಫುಟವಾಗುತ್ತದೆ!

ಆದುದರಿಂದ ಅವಸರ ಸಲ್ಲದು. ನಾಲ್ಕು ಸಣ್ಣ ಗೀರುಗಳಿಂದ ಚಿತ್ರಕ್ಕಾಗುವ ಹಾನಿ ಅತ್ಯಲ್ಪ. ಅರಿಯದ ಕೈ ಮಾಡುವ ಹಾನಿಗೆ ಮದ್ದಿಲ್ಲ. ಮೊದಲು ಒಂದು ಸುರುಳಿ ಫಿಲ್ಮಿನಲ್ಲಿ ಮನೆಯವರ ಚಿತ್ರ ತೆಗೆದು ನೋಡುವುದು ಲೇಸು. ಅವು ಸೊಗಸಾಗಿ ಮೂಡಿದರೆ, ಮಾರುವ ಯೋಚನೆಯೇ ಮರೆತುಹೋದೀತು.