ಗಾಲ್ಫ್ ಚೀಲದಲ್ಲಿ ಯಾವ ಕೋಲುಗಳಿರಬೇಕು?

ಗಾಲ್ಫ್ ಆಟವನ್ನು ಬೇಲಿಯಾಚೆಯಿಂದ ನೋಡುವವರಿಗೆ ಮೊದಲು ಕಾಣುವುದು ಚೆಂಡಲ್ಲ. ಆಟಗಾರರ ಹಿಂದೆ ಸಾಗುವ ಭಾರವಾದ ಚೀಲ. ಅದರೊಳಗಿಂದ ಹತ್ತು ಹನ್ನೆರಡು ಕೋಲುಗಳು ತಲೆಯೆತ್ತಿ ನಿಂತಿರುತ್ತವೆ. ಅಂಗೈಯಲ್ಲಿ ಅಡಗುವ ಒಂದು ಚೆಂಡನ್ನು ಒಂದು ಕುಳಿಗೆ ಸೇರಿಸುವುದಕ್ಕೆ ಇಷ್ಟೊಂದು ಆಯುಧಗಳೇತಕ್ಕೆ ಎಂಬ ಪ್ರಶ್ನೆ ಯಾರ ಮನಸ್ಸಿನಲ್ಲಿಯಾದರೂ ಏಳುವುದು ಸಹಜ. ಈ ಕೋಲಿಗೆ ಇಂಗ್ಲಿಷರು ಕ್ಲಬ್ ಎನ್ನುತ್ತಾರೆ. ಆಟಗಾರರು ಕೂಡುವ ಸಂಘಕ್ಕೂ ಅದೇ ಹೆಸರಾದುದರಿಂದ, ಗೊಂದಲವಾಗದಂತೆ ನಾನು ಕೋಲು ಎಂದೇ ಬರೆಯುವೆನು. ಇವುಗಳಲ್ಲಿ ಯಾವುದನ್ನು ಒಯ್ಯಬೇಕು, ಯಾವುದನ್ನು ಮನೆಯಲ್ಲಿ ಬಿಡಬೇಕು ಎಂಬುದನ್ನು, ಈ ಆಟವನ್ನು ಕಲಿಯಲಪೇಕ್ಷಿಸುವ ಬಾಲಕಿಯರ ಉಪಯೋಗಕ್ಕಾಗಿ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ನಿಯಮದ ಪ್ರಕಾರ ಒಬ್ಬರು ಒಂದು ಸುತ್ತಿನಲ್ಲಿ ೧೪ ಕೋಲುಗಳಿಗಿಂತ ಹೆಚ್ಚು ಒಯ್ಯಕೂಡದು. ಕಡಮೆ ಒಯ್ದರೆ ಆಕ್ಷೇಪವಿಲ್ಲ. ಈ ಮಿತಿಯು ಆಟದಷ್ಟು ಹಳೆಯದೇನೂ ಅಲ್ಲ. ೧೯೧೬ರಲ್ಲಿ ಚಿಕ್ ಎವನ್ಸ್ ಎಂಬವರು ಕೇವಲ ೭ ಕೋಲುಗಳನ್ನು ಹಿಡಿದು ಅಮೆರಿಕದ ಓಪನ್ ಪಂದ್ಯವನ್ನು ಗೆದ್ದರು. ಆಗಿನ ಕೋಲುಗಳ ದಂಡವು ಹಿಕರಿ ಎಂಬ ಮರದ್ದು. ಒಂದೇ ಕೋಲಿನಿಂದ ಒಮ್ಮೆ ಮೆಲ್ಲಗೆ, ಒಮ್ಮೆ ಬಲವಾಗಿ, ಒಮ್ಮೆ ಅದರ ಮೋರೆಯನ್ನು ಕೊಂಚ ತಿರುಗಿಸಿ ಹೊಡೆದು ಬೇರೆ ಬೇರೆ ದೂರಗಳನ್ನು ಸಾಧಿಸುವುದೇ ಅಂದಿನ ಕೈಚಳಕವಾಗಿತ್ತು. ಕೋಲುಗಳಿಗೆ ಅಂಕಗಳಲ್ಲ, ಕ್ಲೀಕ್, ಮ್ಯಾಶಿ, ನಿಬ್ಲಿಕ್ ಎಂಬ ಚೆಂದದ ಹೆಸರುಗಳಿದ್ದುವು. ಉಕ್ಕಿನ ದಂಡಗಳು ಬಂದ ಮೇಲೆ ಕಾರ್ಖಾನೆಗಳು ದೂರಕ್ಕೊಂದರಂತೆ ಕೋಲುಗಳನ್ನು ಮಾಡಿ ಮಾರತೊಡಗಿದುವು. ೧೯೩೪ ಮತ್ತು ೧೯೩೫ರಲ್ಲಿ ಬ್ರಿಟನ್ ಮತ್ತು ಅಮೆರಿಕ ಎರಡೂ ದೇಶಗಳ ಅಮೆಚೂರ್ ಪಂದ್ಯಗಳನ್ನು ಗೆದ್ದ ಲಾಸನ್ ಲಿಟಲ್ ಅವರ ಚೀಲದಲ್ಲಿ ಇಪ್ಪತ್ತೈದಕ್ಕೂ ಮಿಕ್ಕಿ ಕೋಲುಗಳಿರುತ್ತಿದ್ದುವಂತೆ. ಅದನ್ನು ಹೊರುವ ಕ್ಯಾಡಿಯ ಹೆಗಲಿನ ಪಾಡನ್ನು ಊಹಿಸಿಕೊಳ್ಳಬಹುದು. ಚಾತುರ್ಯವನ್ನು ಅಂಗಡಿಯಲ್ಲಿ ಕೊಳ್ಳುವಂತಾಗಬಾರದೆಂದು ೧೯೩೮ರಲ್ಲಿ ಅಮೆರಿಕದವರೂ, ಮರುವರ್ಷ ಬ್ರಿಟನ್ನಿನವರೂ ೧೪ರ ಮಿತಿಯನ್ನು ಜಾರಿಗೆ ತಂದರು.

ಈಗ ಕೋಲುಗಳ ಗುಣವನ್ನು ನೋಡೋಣ. ಉದ್ದವಾದ ದಂಡ, ದಪ್ಪನೆಯ ತಲೆಯುಳ್ಳವುಗಳಿಗೆ ವುಡ್ ಎಂದು ಹೆಸರು. ಅವುಗಳ ತಲೆ ಈಗ ಬಹುಮಟ್ಟಿಗೆ ಲೋಹದ್ದಾದರೂ ಹೆಸರು ಮಾತ್ರ ಮರದ್ದೇ ಉಳಿದಿದೆ. ಇವುಗಳಲ್ಲಿ ಅತಿ ದೂರ ಹೊಡೆಯುವುದು ಡ್ರೈವರ್. ತೆಳುವಾದ ತಲೆಯುಳ್ಳವು ಐರನ್‌ಗಳು. ಅವುಗಳಿಗೆ ೩ರಿಂದ ೯ರವರೆಗೆ ಅಂಕಗಳಿರುತ್ತವೆ. ಅವುಗಳಿಗಿಂತಲೂ ಮೋರೆ ಓರೆಯಾಗಿರುವವು ವೆಜ್‌ಗಳು. ಕೊನೆಯದು, ಗ್ರೀನ್ ಎಂಬ ನುಣುಪು ಹುಲ್ಲಿನ ಮೇಲೆ ಚೆಂಡನ್ನು ಉರುಳಿಸುವ ಪಟರ್. ಮೋರೆಯು ನೆಟ್ಟಗಿದ್ದಷ್ಟೂ ಚೆಂಡು ತಗ್ಗಾಗಿ ದೂರ ಸಾಗುವುದು. ಓರೆಯಾದಷ್ಟೂ ಎತ್ತರಕ್ಕೇರಿ ಹತ್ತಿರ ಬೀಳುವುದು. ಒಂದು ಐರನ್ನಿಗೂ ಮುಂದಿನದಕ್ಕೂ ಓರೆಯಲ್ಲಿ ಸುಮಾರು ೪ ಡಿಗ್ರಿ, ದಂಡದ ಉದ್ದದಲ್ಲಿ ಅರ್ಧ ಅಂಗುಲ ವ್ಯತ್ಯಾಸವಿರುವುದು ವಾಡಿಕೆ. ಬಲಿಷ್ಠರಾದವರಿಗೆ ಇದರಿಂದ ಕೋಲಿಗೆ ಹತ್ತು ಹದಿನೈದು ಗಜಗಳ ಅಂತರ ದೊರೆಯುತ್ತದೆ.

ಬಲಿಷ್ಠರಾದವರಿಗೆ ಎಂದೆನಷ್ಟೆ. ಇಲ್ಲಿಯೇ ಇಡೀ ವಿಷಯದ ಮರ್ಮವಿದೆ. ನೆಟ್ಟನೆಯ ಮೋರೆಯ ಐರನ್ನಿನಿಂದ ಹೊಡೆದ ಚೆಂಡು ಗಾಳಿಯಲ್ಲಿ ನಿಲ್ಲಬೇಕಾದರೆ ಕೋಲು ಬಹಳ ವೇಗವಾಗಿ ಬೀಸಬೇಕು. ವೇಗ ಸಾಲದಿದ್ದರೆ ಚೆಂಡು ಮೇಲೇಳದೆ ಬೇಗನೆ ನೆಲಕ್ಕಿಳಿಯುತ್ತದೆ. ಉದಾಹರಣೆಗೆ, ಒಬ್ಬ ಬಾಲಕಿಯು ೯ನೆಯ ಐರನ್ನಿನಿಂದ ೭೫ ಗಜ, ೭ನೆಯದರಿಂದ ೯೦ ಗಜ, ೬ನೆಯದರಿಂದ ೯೫ ಗಜ ಹೊಡೆಯುವಳೆಂದು ಇಟ್ಟುಕೊಳ್ಳೋಣ. ೫ನೆಯದರಿಂದಲೂ ಆಕೆಗೆ ೯೫ ಗಜವೇ ದೊರೆಯಬಹುದು. ೪ನೆಯದರಿಂದ ೯೨ಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಹಾಗಾದರೆ ಆ ಎರಡು ಕೋಲುಗಳು ಚೀಲದಲ್ಲಿದ್ದು ಮಾಡುವ ಕೆಲಸವೇನು? ಅವುಗಳ ಸ್ಥಾನದಲ್ಲಿ, ತಲೆ ತುಸು ದಪ್ಪಗಿದ್ದು ಭಾರವು ಕೆಳಗೂ ಹಿಂದಕ್ಕೂ ಸರಿದಿರುವ ಹೈಬ್ರಿಡ್ ಎಂಬ ಕೋಲನ್ನೋ, ೭ನೆಯ ಅಂಕದ ವುಡ್ಡನ್ನೋ ಇಟ್ಟುಕೊಂಡರೆ ಚೆಂಡು ಸುಲಭವಾಗಿ ಮೇಲೇರಿ ಹೆಚ್ಚು ದೂರ ಹೋಗುವುದು. ನಾನು ಕಲಿಯತೊಡಗಿದಾಗ, ದೊಡ್ಡ ಆಟಗಾರರ ಚೀಲದಲ್ಲಿ ಕಂಡೆನೆಂಬ ಒಂದೇ ಕಾರಣಕ್ಕೆ ೩ನೆಯ ಐರನ್ನನ್ನು ಎರಡು ವರ್ಷ ಹೊತ್ತು ತಿರುಗಿದೆನು. ಅದರಿಂದ ನೆಟ್ಟಗೆ ಹೊಡೆದದ್ದು ನಾಲ್ಕೈದು ಸಲವಿರಬಹುದು. ಅದನ್ನು ಬಿಡಲು ಬೇಕಾದದ್ದು ಜ್ಞಾನವಲ್ಲ, ಕೊಂಚ ನಾಚಿಕೆ ಬಿಡುವುದು.

ಆದುದರಿಂದ ಕೋಲುಗಳನ್ನು ಆರಿಸುವ ಮೊದಲು ಅಭ್ಯಾಸದ ಮೈದಾನದಲ್ಲಿ ಒಂದೊಂದರಿಂದಲೂ ಹತ್ತು ಚೆಂಡುಗಳನ್ನು ಹೊಡೆದು, ಅವು ಬೀಳುವ ದೂರವನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಅತ್ಯುತ್ತಮವಾದ ಒಂದು ಹೊಡೆತವನ್ನೂ ತೀರ ಕೆಟ್ಟದೊಂದನ್ನೂ ಲೆಕ್ಕದಿಂದ ಬಿಡಬೇಕು. ಉತ್ತಮವಾದುದನ್ನು ಬಿಡುವುದೇ ಕಷ್ಟ! ಹೀಗೆ ಬರೆದ ಪಟ್ಟಿಯಲ್ಲಿ ಎರಡು ಕೋಲುಗಳು ಒಂದೇ ದೂರಕ್ಕೆ ಬಿದ್ದರೆ ಒಂದನ್ನು ತೆಗೆಯಬೇಕು. ಎರಡರ ನಡುವೆ ಇಪ್ಪತ್ತೈದು ಮೂವತ್ತು ಗಜಗಳ ಬಯಲಿದ್ದರೆ ಅಲ್ಲಿಗೊಂದನ್ನು ಹುಡುಕಬೇಕು.

ದೂರ ಹೊಡೆಯಲಾರದವರಿಗೆ ಆಟವೇ ಇಲ್ಲವೆಂದು ತಿಳಿಯಬಾರದು. ಬೆಂಗಳೂರಿನ ಅದಿತಿ ಅಶೋಕ್ ಅವರು ೨೦೨೧ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಡಿದಾಗ, ಮೊದಲ ಹೊಡೆತದ ದೂರದಲ್ಲಿ ಬಹುಮಂದಿ ಎದುರಾಳಿಗಳಿಗಿಂತ ಹಿಂದೆಯೇ ಇದ್ದರು. ಇತರರು ಗಿಡ್ಡ ಐರನ್ ಹಿಡಿಯುವ ಕಡೆ ಅವರು ಉದ್ದನೆಯ ಕೋಲನ್ನು ಹಿಡಿಯಬೇಕಾಗುತ್ತಿತ್ತು. ಹಾಗಿದ್ದೂ ನಾಲ್ಕು ದಿನಗಳ ಆಟದ ಕೊನೆಗೆ ನಾಲ್ಕನೆಯ ಸ್ಥಾನ ಪಡೆದರು. ಪದಕವು ಒಂದೇ ಹೊಡೆತದಿಂದ ತಪ್ಪಿತು. ಕಳೆದುಕೊಂಡ ದೂರವನ್ನು ಅವರು ತೀರಿಸಿಕೊಂಡದ್ದು ಹೆಚ್ಚಾಗಿ ಪಟರಿನಿಂದ.

ಗಿಡ್ಡ ಕೋಲುಗಳ ವಿಷಯದಲ್ಲಿ ಅಂಗಡಿಯವರ ಅಂಕಗಳನ್ನು ಕಣ್ಮುಚ್ಚಿ ನಂಬುವಂತಿಲ್ಲ. ತಯಾರಕರು ಹೆಚ್ಚು ದೂರದ ಆಸೆ ತೋರಿಸುವುದಕ್ಕಾಗಿ ಐರನ್‌ಗಳ ಮೋರೆಯನ್ನು ವರ್ಷ ವರ್ಷವೂ ನೆಟ್ಟಗೆ ಮಾಡುತ್ತ ಬಂದಿದ್ದಾರೆ. ಹಿಂದಿನವರ ೬ನೆಯದೋ ೫ನೆಯದೋ ಇಂದು ೭ನೆಯದೆಂಬ ಅಂಕ ಹೊತ್ತು ಬರುವುದುಂಟು. ಇದರ ಪರಿಣಾಮವು ಚೀಲದ ಇನ್ನೊಂದು ತುದಿಯಲ್ಲಿ ಕಾಣುತ್ತದೆ. ಪಿಚಿಂಗ್ ವೆಜ್ ಈಗ ಸುಮಾರು ೪೫ ಡಿಗ್ರಿಗೆ ಬಂದಿದ್ದರೆ, ಮರಳುಗುಂಡಿಯಿಂದ ಚೆಂಡನ್ನೆತ್ತುವ ಸ್ಯಾಂಡ್ ವೆಜ್ ೫೬ರಲ್ಲಿಯೇ ಇದೆ. ನಡುವಣ ಬಯಲನ್ನು ತುಂಬುವುದಕ್ಕೆ ೫೦ ಡಿಗ್ರಿಯ ಮತ್ತೊಂದು ವೆಜ್ ಬೇಕಾಗುತ್ತದೆ. ಸ್ಯಾಂಡ್ ವೆಜ್ಜನ್ನಂತೂ ಯಾರೂ ಬಿಡಬಾರದು. ಜೀನ್ ಸಾರಜೆನ್ ಅವರು ಒಂದು ನಿಬ್ಲಿಕ್ಕಿನ ತಳಕ್ಕೆ ಬೆಸುಗೆಯ ಲೋಹವನ್ನು ಸೇರಿಸಿ ದಪ್ಪಮಾಡಿ, ಮರಳಿನಲ್ಲಿ ಹೂತುಹೋಗದೆ ಜಾರಿಬರುವಂತೆ ಅದನ್ನು ಸಿದ್ಧಪಡಿಸಿ, ೧೯೩೨ರಲ್ಲಿ ಬ್ರಿಟನ್ನಿನ ಓಪನ್ ಪಂದ್ಯವನ್ನು ಗೆದ್ದ ಮೇಲೆ ಅದು ಎಲ್ಲರ ಚೀಲವನ್ನೂ ಸೇರಿತು.

ಪಟರಿನ ವಿಷಯದಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ೧೮ ಕುಳಿಗಳಿಗೆ ೭೨ ಹೊಡೆತಗಳು ಸರಿಯಾದ ಲೆಕ್ಕವೆಂದು ಗೊತ್ತುಮಾಡಿರುವಲ್ಲಿ, ಕುಳಿಗೆ ಎರಡರಂತೆ ೩೬ ಹೊಡೆತಗಳನ್ನು ಪಟರಿಗಾಗಿಯೇ ಮೀಸಲಿಟ್ಟಿದೆ. ಆದರೂ ಡ್ರೈವರಿಗೆ ಸಾವಿರಾರು ರೂಪಾಯಿ ಸುರಿಯುವವರು ಪಟರನ್ನು ಕೈಗೆ ಸಿಕ್ಕಿದ್ದನ್ನು ಕೊಳ್ಳುತ್ತಾರೆ.

ಹೊಸದಾಗಿ ಕಲಿಯುವ ಬಾಲಕಿಗೆ ಹದಿನಾಲ್ಕೂ ಬೇಡ. ೫ನೆಯ ವುಡ್, ಒಂದು ಹೈಬ್ರಿಡ್, ೭ ಮತ್ತು ೯ನೆಯ ಐರನ್‌ಗಳು, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಪಟರ್ ಎಂಬ ಏಳು ಸಾಕು. ಚೀಲವನ್ನು ತಾನೇ ಹೊರಬಹುದು. ತಂದೆತಾಯಿಗಳಿಗೆ ಖರ್ಚೂ ಅರ್ಧವಾಗುತ್ತದೆ. ಒಂದೇ ಪಕ್ಷದಲ್ಲಿ ಜೊತೆಯಾಗಿ ಆಡುವ ಇಬ್ಬರು, ಇಬ್ಬರವೂ ಸೇರಿ ೧೪ನ್ನು ಮೀರದಿದ್ದರೆ, ಒಬ್ಬರ ಕೋಲನ್ನು ಒಬ್ಬರು ಬಳಸಲು ನಿಯಮವೇ ಅವಕಾಶ ಕೊಟ್ಟಿದೆ.

ಹೊರಡುವ ಮುನ್ನ ಚೀಲವನ್ನು ಎಣಿಸಿ ನೋಡಬೇಕು. ಇದು ಹೇಳಬೇಕಾದ ಮಾತೇ ಎಂದು ನಗುವವರು ೨೦೦೧ರಲ್ಲಿ ಇಂಗ್ಲೆಂಡಿನ ರಾಯಲ್ ಲಿಥಮ್ ಮೈದಾನದಲ್ಲಿ ನಡೆದುದನ್ನು ಕೇಳಿರಿ. ಓಪನ್ ಪಂದ್ಯದ ಕೊನೆಯ ದಿನ ವೇಲ್ಸಿನ ಇಯಾನ್ ವೂಸ್ನಮ್ ಅವರು ಬೆಳಗ್ಗೆ ಎರಡು ಡ್ರೈವರುಗಳನ್ನು ಪರೀಕ್ಷಿಸಿ ಆಟಕ್ಕಿಳಿದರು. ಆ ಮೈದಾನದ ಮೊದಲ ಕುಳಿಯು ಸಮೀಪದ್ದು. ಅಲ್ಲಿ ಡ್ರೈವರಿನ ಅಗತ್ಯವಿಲ್ಲ. ಐರನ್ನಿನಿಂದ ಹೊಡೆದ ಚೆಂಡು ಕುಳಿಯ ಅಂಚಿಗೇ ಹೋಗಿ ನಿಂತು, ಎರಡೇ ಹೊಡೆತಗಳಲ್ಲಿ ಆ ಕುಳಿ ಮುಗಿದು, ಅವರು ಮುಂಚೂಣಿಯವರೊಡನೆ ಸಮನಾದರು. ಎರಡನೆಯ ಕುಳಿಯ ಬಳಿ ಕ್ಯಾಡಿಯು ಚೀಲವನ್ನು ನೋಡಿದಾಗ ಎರಡು ಡ್ರೈವರುಗಳೂ ಅದರೊಳಗೇ ಇದ್ದುವು, ಒಟ್ಟು ಹದಿನೈದು. ದಂಡವಾಗಿ ಎರಡು ಹೊಡೆತಗಳು ಸೇರಿ, ಎರಡು ಎಂದು ಬರೆಯಬೇಕಾದಲ್ಲಿ ನಾಲ್ಕು ಎಂದು ಬರೆದುಕೊಂಡರು. ಹೆಚ್ಚಿನ ಕೋಲನ್ನು ಕೋಪದಿಂದ ಪೊದೆಯತ್ತ ಎಸೆದು ಆಟ ಮುಂದುವರಿಸಿದ ಅವರಿಗೆ, ಸಂಜೆಗೆ ಇತರ ಕೆಲವರೊಡನೆ ಸಮನಾಗಿ ಮೂರನೆಯ ಸ್ಥಾನ ದೊರೆಯಿತು.