ಗುರುಗಳನ್ನು ಕಾಪಾಡಿದ ಮನೆ, ಮನೆಯನ್ನು ಕಾಪಾಡುವ ಯುವಜನ

ಇಂಗ್ಲೆಂಡಿನ ವೂಸ್ಟರ್‌ಶೈರ್ ಪ್ರಾಂತದಲ್ಲಿ, ಸುತ್ತಲೂ ನೀರಿನ ಕಂದಕವುಳ್ಳ ಹಾರ್ವಿಂಗ್ಟನ್ ಹಾಲ್ ಎಂಬ ಪುರಾತನ ಮನೆಯೊಂದಿದೆ. 1580ರ ದಶಕದಲ್ಲಿ ಹಂಫ್ರಿ ಪ್ಯಾಕಿಂಗ್ಟನ್ ಎಂಬ ಕಥೋಲಿಕ ಗೃಹಸ್ಥರು ಅದನ್ನು ಕಟ್ಟಿಸಿದರು. 1585ರ ಕಾನೂನಿನಂತೆ, ವಿದೇಶದಲ್ಲಿ ಗುರುದೀಕ್ಷೆ ಪಡೆದು ಬಂದ ಧರ್ಮಗುರುಗಳು ಆ ನಾಡಿನಲ್ಲಿರುವುದೇ ರಾಜದ್ರೋಹವೆನಿಸಿತ್ತು. ಅವರಿಗೆ ಆಶ್ರಯವಿತ್ತವರಿಗೂ ಮರಣದಂಡನೆಯ ಭಯವಿತ್ತು. ಆದ್ದರಿಂದಲೇ ಈ ಮನೆಯಲ್ಲಿ ಗುರುಗಳಿಗಾಗಿ ರಚಿಸಿದ ಏಳು ಅಡಗುತಾಣಗಳಿವೆ. ಒಂದಕ್ಕೆ ಗೋಡೆಯ ಮರದ ತೊಲೆಯೇ ಬಾಗಿಲು. ಇನ್ನೊಂದು ಮೆಟ್ಟಿಲುಗಳ ಅಡಿಯಲ್ಲಿದೆ.

ಇವುಗಳಲ್ಲಿ ಕೆಲವು ಸಂತ ನಿಕೋಲಸ್ ಓವೆನ್ ಅವರ ಕೈಕೆಲಸವೆಂದು ನಂಬಲಾಗಿದೆ. ಯೇಸುಸಭೆಯ ಸಹೋದರರಾಗಿದ್ದ ಈ ಬಡಗಿ, ಹಗಲಿನಲ್ಲಿ ಎಲ್ಲರೂ ಕಾಣುವಂತೆ ಸಾಮಾನ್ಯ ಮರಗೆಲಸ ಮಾಡುತ್ತ, ರಾತ್ರಿ ಒಬ್ಬರೇ ಅಡಗುತಾಣಗಳನ್ನು ಕೊರೆಯುತ್ತಿದ್ದರು. ಅದಕ್ಕೆ ಕೂಲಿಯನ್ನೂ ಪಡೆಯಲಿಲ್ಲ. 1606ರಲ್ಲಿ ಲಂಡನ್ ಗೋಪುರದ ಸೆರೆಯಲ್ಲಿ ಚಿತ್ರಹಿಂಸೆಗೊಳಗಾಗಿ ಪ್ರಾಣಬಿಟ್ಟರೇ ಹೊರತು ಗುಟ್ಟು ಬಿಡಲಿಲ್ಲ. 1970ರಲ್ಲಿ ಜಗದ್ಗುರು ಆರನೆಯ ಪೌಲರು ಅವರಿಗೆ ಸಂತ ಪದವಿಯನ್ನಿತ್ತರು.

ಹಿಂಸೆಯ ಕಾಲವನ್ನು ಗೆದ್ದ ಮನೆ ಅಲಕ್ಷ್ಯಕ್ಕೆ ಸೋತಿತು. ವಾರಸುದಾರರು ಅಲ್ಲಿ ವಾಸವಿರಲಿಲ್ಲ, ಕಟ್ಟಡ ಪಾಳುಬಿದ್ದಿತು. 1910ರ ಸುಮಾರಿಗೆ ಅದರ ದೊಡ್ಡ ಮೆಟ್ಟಿಲುಸಾಲನ್ನೇ ಕಳಚಿ ಬೇರೊಂದು ಮನೆಗೆ ಒಯ್ಯಲಾಯಿತು. ಈಗಿರುವುದು ಅದರ ಪ್ರತಿರೂಪ. 1923ರಲ್ಲಿ ಮನೆಯು ಬರ್ಮಿಂಗ್ಹ್ಯಾಮ್ ಮಹಾಧರ್ಮಪ್ರಾಂತ್ಯದ ಪಾಲಾಗಿ, ದುರಸ್ತಿಗೊಂಡು ಉಳಿಯಿತು. ಇಂದು ಸಂದರ್ಶಕರಿಗೆ ಅದನ್ನು ತೋರಿಸಿ ವಿವರಿಸುವಲ್ಲಿ ಸ್ವಯಂಸೇವಕರ ಪಾತ್ರ ಹಿರಿದು.

ಇಂತಹ ಸೇವೆಗೆ ಯುವಜನರನ್ನು ಸೆಳೆಯುವ ಏರ್ಪಾಡುಗಳೂ ಆ ದೇಶಗಳಲ್ಲಿವೆ. 1956ರಲ್ಲಿ ಆರಂಭವಾದ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿ 14ರಿಂದ 24 ವರ್ಷದವರಿಗೆ ಮೀಸಲು. ಅದರ ಚಿನ್ನದ ಹಂತಕ್ಕೆ ಸಾಮಾನ್ಯವಾಗಿ 12 ತಿಂಗಳ ಸ್ವಯಂಸೇವೆ ಅವಶ್ಯ. ಫ್ರಾನ್ಸಿನಲ್ಲಿ 1966ರಲ್ಲಿ ಸ್ಥಾಪಿತವಾದ ರಾಂಪಾರ್ ಒಕ್ಕೂಟವು ಹಳೆಯ ಕಟ್ಟಡಗಳ ದುರಸ್ತಿಗಾಗಿ ಶಿಬಿರಗಳನ್ನು ನಡೆಸುತ್ತದೆ. ಇಂಥ ಮನೆಗಳಲ್ಲಿ ಮಾಡಬೇಕಾದ ಕೆಲಸ ಹೆಚ್ಚಾಗಿ ಕಣ್ಣಿಗೆ ಬೀಳದಂಥದು: ಮೃದುವಾದ ಕುಂಚದಿಂದ ಧೂಳು ತೆಗೆಯುವುದು, ಬಿಸಿಲಿಗೆ ಬಣ್ಣ ಮಾಸದಂತೆ ಪರದೆ ಎಳೆಯುವುದು, ಮರಕ್ಕೆ ಹುಳು ಹಿಡಿದಿದೆಯೇ ಎಂದು ಪರೀಕ್ಷಿಸುವುದು.

ನಮ್ಮ ಕರಾವಳಿಯಲ್ಲೂ ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಮಂಗಳೂರು ಹೆಂಚಿನ ಮಾಡುಳ್ಳ ಹಳೆಯ ಕಥೋಲಿಕ ಮನೆಗಳಿವೆ. ತಲೆಮಾರುಗಳು ಜಪಸರ ಹಿಡಿದು ಕೂಡಿದ ಅವುಗಳ ಚಾವಡಿಗಳಲ್ಲಿ ಇಂದು ಎಷ್ಟೋ ಕಡೆ ವೃದ್ಧರಿಬ್ಬರೇ ಇದ್ದಾರೆ. ಮಕ್ಕಳು ಕೊಲ್ಲಿ ನಾಡುಗಳಲ್ಲಿದ್ದಾರೆ. ಒಂದು ಹೆಂಚು ಒಡೆದರೆ ಮಳೆನೀರು ಪಕಾಸಿಗೆ ಇಳಿಯುತ್ತದೆ, ಪಕಾಸು ಕೊಳೆತರೆ ಮಾಡು ಕುಸಿಯುತ್ತದೆ. ಸುಣ್ಣದ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಕಲ್ಲು ಸವೆಯುತ್ತದೆ.

ನಮ್ಮ ಧರ್ಮಕೇಂದ್ರಗಳ ಯುವ ಸಂಘಟನೆಗಳು ಮಳೆಗಾಲಕ್ಕೆ ಮುನ್ನ ಒಂದೊಂದು ಭಾನುವಾರವನ್ನು ಇಂತಹ ಮನೆಗಳಿಗೆ ಮೀಸಲಿಡಬಾರದೇಕೆ? ಅನುಭವಿ ಕೆಲಸಗಾರರು ಮಾಡಿನ ಮೇಲೆ ಹೆಂಚು ಬದಲಾಯಿಸುವಾಗ ಕೆಳಗಿನಿಂದ ಒದಗಿಸಿಕೊಡಲಿ, ಅಟ್ಟ ಗುಡಿಸಲಿ, ಹಳೆಯ ಭಾವಚಿತ್ರಗಳಲ್ಲಿರುವವರ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಡಲಿ. ಮನೆಯವರೂ ಸಂಕೋಚ ಬಿಟ್ಟು ಅವರನ್ನು ಕರೆಯಲಿ. ಪೂರ್ವಿಕರ ವಿಶ್ವಾಸಕ್ಕೆ ನೆರಳಾದ ಮನೆಗಳು ಅಲಕ್ಷ್ಯದಿಂದ ಬೀಳಬಾರದೆಂಬುದೇ ನಮ್ಮ ಆಶಯ.