ತುರ್ತು ಚಿಕಿತ್ಸಾ ಘಟಕದ ಗಡಿಯಾರ: ರೋಗಿಯ ಹೊತ್ತಿಗೆ ಲೆಕ್ಕ ಇಡುವವರು ಯಾರು?

ಬೆಂಗಳೂರು: ಕೆ.ಆರ್. ಪುರದ ನಿವಾಸಿಯೊಬ್ಬರಿಗೆ ರಾತ್ರಿ 9 ಗಂಟೆಗೆ ಎದೆನೋವು ಕಾಣಿಸಿಕೊಂಡಿತು ಎಂದಿಟ್ಟುಕೊಳ್ಳಿ. 'ಗ್ಯಾಸ್ ಇರಬೇಕು' ಎಂದು ಮನೆಯವರು ಅರ್ಧ ಗಂಟೆ ಕಾಯುತ್ತಾರೆ. ನೋವು ಇಳಿಯದಿದ್ದಾಗ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಅಲ್ಲಿಂದ 'ದೊಡ್ಡ ಆಸ್ಪತ್ರೆಗೆ ಹೋಗಿ' ಎಂಬ ಚೀಟಿ ಸಿಗುತ್ತದೆ. ಟಿನ್ ಫ್ಯಾಕ್ಟರಿ ಬಳಿಯ ವಾಹನ ದಟ್ಟಣೆ ದಾಟಿ ಎರಡನೆಯ ಆಸ್ಪತ್ರೆ ಸೇರಿದರೆ ಅಲ್ಲಿ ಹಾಸಿಗೆ ಇಲ್ಲ. ಮೂರನೆಯ ಕಡೆ ಚಿಕಿತ್ಸೆ ಆರಂಭವಾಗುವಾಗ ಗಂಟೆ 12 ಆಗಿರುತ್ತದೆ. ತನ್ನಲ್ಲಿ ವಿಳಂಬವಾಗಿಲ್ಲ ಎಂದು ಪ್ರತಿಯೊಂದು ಆಸ್ಪತ್ರೆಯೂ ಹೇಳಬಹುದು. ಅದು ಸುಳ್ಳೂ ಆಗಿರಲಾರದು. ಆದರೆ ರೋಗಿಯ ಪಾಲಿಗೆ 3 ಗಂಟೆ ಕಳೆದುಹೋಗಿದೆ. ಆ 3 ಗಂಟೆಯ ಲೆಕ್ಕ ಯಾವ ಪುಸ್ತಕದಲ್ಲಿದೆ?

ಇದು ಕಾಲ್ಪನಿಕ ನಿದರ್ಶನ. ಆದರೂ ನಗರದ ಪೂರ್ವಭಾಗದ ಓದುಗರಿಗೆ ಇದು ಅಪರಿಚಿತ ಸಂಗತಿಯಲ್ಲ. ತುರ್ತು ಚಿಕಿತ್ಸಾ ಘಟಕದ ಕೆಲಸವನ್ನು ಅಳೆಯುವುದು ಹೇಗೆ, ಅಳೆದರೆ ರೋಗಿಗೆ ಏನು ಪ್ರಯೋಜನ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ಅಳೆಯಬೇಕಾದದ್ದು ಏನು?

ರೋಗಿ ಬಾಗಿಲಿಗೆ ಬಂದ ಸಮಯ, ರೋಗದ ತೀವ್ರತೆ ನೋಡಿ ವಿಂಗಡಿಸಿದ ಸಮಯ, ವೈದ್ಯರು ಮೊದಲು ನೋಡಿದ ಸಮಯ, ಮೊದಲ ಚಿಕಿತ್ಸೆ ನೀಡಿದ ಸಮಯ, ದಾಖಲಿಸಬೇಕೋ ಕಳುಹಿಸಬೇಕೋ ಎಂದು ನಿರ್ಧರಿಸಿದ ಸಮಯ ಹಾಗೂ ರೋಗಿ ಘಟಕವನ್ನು ಬಿಟ್ಟ ಸಮಯ. ಈ ಆರು ಸಮಯಗಳನ್ನು ಬರೆದಿಟ್ಟರೆ ವಿಳಂಬ ಎಲ್ಲಿ ಆಗುತ್ತಿದೆ ಎಂಬುದು ತಾನಾಗಿಯೇ ಗೋಚರಿಸುತ್ತದೆ. ಬಂದ ಸಮಯವೊಂದನ್ನೇ ಬರೆದರೆ ಎಷ್ಟು ಜನ ಬಂದರು ಎಂಬುದು ತಿಳಿಯುತ್ತದೆಯೇ ಹೊರತು ಅವರಿಗೆ ಏನಾಯಿತು ಎಂಬುದು ತಿಳಿಯುವುದಿಲ್ಲ.

ಕೆಲವು ರೋಗಗಳಿಗೆ ನಿಶ್ಚಿತ ಗಡುವುಗಳಿವೆ. ಎದೆನೋವಿನಿಂದ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ದೊಡ್ಡ ಪ್ರಮಾಣದ ಹೃದಯಾಘಾತವಾಗಿದ್ದರೆ ಆಸ್ಪತ್ರೆಗೆ ಬಂದ 90 ನಿಮಿಷದೊಳಗೆ ಬಲೂನ್ ಚಿಕಿತ್ಸೆಯಿಂದ ರಕ್ತನಾಳ ತೆರೆಯಬೇಕೆಂಬುದು ವೈದ್ಯರು ಒಪ್ಪಿಕೊಂಡ ಮಾತು. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ನೀಡಬೇಕು. ಇಲ್ಲಿ ಹೊತ್ತೇ ಔಷಧ.

ಸಮಯದ ಜೊತೆಗೆ ಫಲಿತಾಂಶವನ್ನೂ ನೋಡಬೇಕು. ವೈದ್ಯರನ್ನು ಕಾಣದೆಯೇ ಬೇಸತ್ತು ಹೊರಟುಹೋದವರೆಷ್ಟು? ಬೇರೆಡೆಗೆ ಕಳುಹಿಸಲ್ಪಟ್ಟವರೆಷ್ಟು? ಅದೇ ತೊಂದರೆಯಿಂದ 72 ಗಂಟೆಯೊಳಗೆ ಮರಳಿ ಬಂದವರೆಷ್ಟು? ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಚ್, ಈ ಕೊನೆಯ ಪ್ರಶ್ನೆಯನ್ನು ತನ್ನ ಗುಣಮಟ್ಟದ ಸೂಚಕಗಳಲ್ಲಿ ಸೇರಿಸಿದೆ. ಸಾರ್ವಜನಿಕ ಆಸ್ಪತ್ರೆಗಳಿಗಾಗಿ ಕೇಂದ್ರ ಸರ್ಕಾರ 2013ರಲ್ಲಿ ರೂಪಿಸಿದ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳಲ್ಲಿಯೂ ತುರ್ತು ಘಟಕಕ್ಕೆ ಪ್ರತ್ಯೇಕ ಪರಿಶೀಲನಾ ಪಟ್ಟಿ ಇದೆ. ಅಂದರೆ ಅಳತೆಗೋಲು ನಮ್ಮಲ್ಲಿ ಇಲ್ಲದಿಲ್ಲ.

ಸರಾಸರಿಯ ಮೋಸ

ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಒಂದು ರಾತ್ರಿ ಬಂದ 10 ಮಂದಿಯಲ್ಲಿ 9 ಮಂದಿಯನ್ನು ತಲಾ 10 ನಿಮಿಷದಲ್ಲಿ ವೈದ್ಯರು ನೋಡಿದರು, ಒಬ್ಬರು ಮಾತ್ರ 190 ನಿಮಿಷ ಕಾದರು ಎನ್ನೋಣ. ಸರಾಸರಿ ಕಾಯುವಿಕೆ 28 ನಿಮಿಷ. ವರದಿಯಲ್ಲಿ ಇದು ಚೆನ್ನಾಗಿಯೇ ಕಾಣುತ್ತದೆ. ಆದರೆ ಕಾದ ಆ ಒಬ್ಬರಿಗೆ ಹೃದಯಾಘಾತವಾಗಿದ್ದರೆ? ಆದುದರಿಂದ ಸರಾಸರಿಗಿಂತ, ಎಷ್ಟು ಮಂದಿಗೆ ಗಡುವು ಮೀರಿತು ಎಂದು ಕೇಳುವುದೇ ಸರಿ. ಅದನ್ನೂ ತೀವ್ರತೆಯ ವರ್ಗದ ಪ್ರಕಾರ ಕೇಳಬೇಕು. ಕಾಲು ಉಳುಕಿದವರು ಒಂದು ಗಂಟೆ ಕಾದರೆ ತೊಂದರೆಯಷ್ಟೆ. ಉಸಿರು ಕಟ್ಟಿದವರು 5 ನಿಮಿಷ ಕಾದರೆ ಅಪಾಯ.

ಇಂಗ್ಲೆಂಡ್ ಕಲಿಸಿದ ಪಾಠ

ಅಳತೆಯೇ ಗುರಿಯಾದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಅನುಭವ ಸಾಕ್ಷಿ. ತುರ್ತು ಘಟಕಕ್ಕೆ ಬಂದವರಲ್ಲಿ ಶೇ 98ರಷ್ಟು ಮಂದಿಯ ವಿಲೇವಾರಿ 4 ಗಂಟೆಯೊಳಗೆ ಆಗಬೇಕೆಂಬ ಗುರಿ ಅಲ್ಲಿ 2004ರಲ್ಲಿ ಜಾರಿಯಲ್ಲಿತ್ತು. 2010ರಲ್ಲಿ ಅದನ್ನು ಶೇ 95ಕ್ಕೆ ಇಳಿಸಲಾಯಿತು. ದೀರ್ಘ ಕಾಯುವಿಕೆ ಮೊದಮೊದಲು ಕಡಿಮೆಯಾದದ್ದು ನಿಜ. ಆದರೆ 4 ಗಂಟೆ ತುಂಬುವುದಕ್ಕೆ ಕೆಲವೇ ನಿಮಿಷಗಳ ಮುನ್ನ ರೋಗಿಗಳು ದಿಢೀರನೆ ವಾರ್ಡುಗಳಿಗೆ ಸಾಗುತ್ತಿದ್ದುದು ಅಂಕಿ-ಅಂಶಗಳಲ್ಲಿ ಬಯಲಾಯಿತು. ರೋಗಿಯ ಅಗತ್ಯಕ್ಕಿಂತ ಗಡಿಯಾರದ ಮುಳ್ಳೇ ಮುಖ್ಯವಾಗಿತ್ತು! ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯಲ್ಲಿ ನಡೆದ ಘೋರ ನಿರ್ಲಕ್ಷ್ಯದ ಕುರಿತು 2013ರಲ್ಲಿ ಬಂದ ವಿಚಾರಣಾ ವರದಿ, ಗುರಿ ತಲುಪುವ ಧಾವಂತವನ್ನೂ ಕಾರಣಗಳಲ್ಲಿ ಒಂದೆಂದು ಗುರುತಿಸಿತು.

ದಂಡಿಸಲು ಅಳೆದರೆ ಸಿಬ್ಬಂದಿ ಅಂಕಿಯನ್ನು ಸರಿಪಡಿಸುತ್ತಾರೆ. ಕಲಿಯಲು ಅಳೆದರೆ ಕೆಲಸವನ್ನು ಸರಿಪಡಿಸುತ್ತಾರೆ. ಇಂಗ್ಲೆಂಡಿನ ಪಾಠ ಇಷ್ಟೇ.

ಒಂದೇ ಪ್ರದೇಶ, ಹಲವು ಒಡೆಯರು

ಈಗ ನಮ್ಮ ಪೂರ್ವಭಾಗಕ್ಕೆ ಬರೋಣ. ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ, 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಎಲ್.ಬಿ. ಬೌರಿಂಗ್ ಅವರ ಹೆಸರು ಹೊತ್ತ ಹಳೆಯ ಸಂಸ್ಥೆ. ಈಗ ವೈದ್ಯಕೀಯ ಕಾಲೇಜು ಹೊಂದಿರುವ ಇದು ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದೆ. ಇಂದಿರಾನಗರದ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ ಮತ್ತು ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆ ಆರೋಗ್ಯ ಇಲಾಖೆಯ ವ್ಯಾಪ್ತಿಯಲ್ಲಿವೆ. ಇಂದಿರಾನಗರದಲ್ಲಿಯೇ ಇರುವ ಇಎಸ್‌ಐ ಆಸ್ಪತ್ರೆ ಕಾರ್ಮಿಕರ ವಿಮಾ ವ್ಯವಸ್ಥೆಗೆ ಸೇರಿದ್ದು. ಹಲಸೂರಿನ ರೆಫರಲ್ ಆಸ್ಪತ್ರೆ ನಗರಾಡಳಿತದ್ದು. ಇವುಗಳ ನಡುವೆ ಖಾಸಗಿ ಆಸ್ಪತ್ರೆಗಳು ಬೇರೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆಗೆ ಅದರದೇ ದಾಖಲೆ.

ರೋಗಿ ಒಬ್ಬನೇ, ಪುಸ್ತಕಗಳು ಹಲವು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ಗಡಿಯಾರ ಮತ್ತೆ ಸೊನ್ನೆಯಿಂದ ಆರಂಭವಾದರೆ, ನಡುವೆ ಕಳೆದ ಹೊತ್ತು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅಳತೆ ಆರಂಭವಾಗಬೇಕಾದದ್ದು ರೋಗಿಯ ಮೊದಲ ಬಾಗಿಲಿನಿಂದ.

ಇದು ಅಸಾಧ್ಯವೇನಲ್ಲ. ಪ್ರೊ. ಜಿ. ಗುರುರಾಜ್ ಅವರ ನೇತೃತ್ವದಲ್ಲಿ ನಿಮ್ಹಾನ್ಸ್ 2007ರಿಂದ ಬೆಂಗಳೂರಿನಲ್ಲಿ ಗಾಯಾಳುಗಳ ಕಣ್ಗಾವಲು ಕಾರ್ಯಕ್ರಮವೊಂದನ್ನು ನಡೆಸಿತು. ನಗರದ ಹಲವು ಆಸ್ಪತ್ರೆಗಳು ಮತ್ತು ಪೊಲೀಸರ ದಾಖಲೆಗಳನ್ನು ಒಂದೇ ಮಾದರಿಯಲ್ಲಿ ಕಲೆಹಾಕಿ ಯಾರು, ಎಲ್ಲಿ, ಹೇಗೆ ಗಾಯಗೊಳ್ಳುತ್ತಾರೆ ಎಂಬುದನ್ನು ಅದು ತೋರಿಸಿಕೊಟ್ಟಿತು. ಬೇರೆಬೇರೆ ಆಡಳಿತದ ಆಸ್ಪತ್ರೆಗಳೂ ಒಂದೇ ನಮೂನೆ ತುಂಬಬಲ್ಲವು ಎಂಬುದು ಅದರಿಂದ ಸಾಬೀತಾಯಿತು.

ಹಾಸಿಗೆಯ ಪ್ರಶ್ನೆ

ತುರ್ತು ಘಟಕದ ನೂಕುನುಗ್ಗಲಿಗೆ ಕಾರಣ ಅನೇಕ ಸಲ ಘಟಕದಲ್ಲಿಯೇ ಇರುವುದಿಲ್ಲ. ದಾಖಲಿಸಲು ನಿರ್ಧರಿಸಿದ ಮೇಲೂ ವಾರ್ಡಿನಲ್ಲಿ ಹಾಸಿಗೆ ಸಿಗದೆ ರೋಗಿ ಅಲ್ಲಿಯೇ ಉಳಿದರೆ, ಮುಂದೆ ಬರುವವರಿಗೆ ಸ್ಥಳವೆಲ್ಲಿ? ಏಮ್ಸ್ ಸಹಯೋಗದಲ್ಲಿ ನಡೆದು 2021ರಲ್ಲಿ ನೀತಿ ಆಯೋಗ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಶೀಲಿಸಿದ ಆಸ್ಪತ್ರೆಗಳಲ್ಲಿ ತುರ್ತು ಹಾಸಿಗೆಗಳ ಪಾಲು ಒಟ್ಟು ಹಾಸಿಗೆಗಳ ಶೇ 3ರಿಂದ 5 ಮಾತ್ರ. ನಿರ್ಧಾರದ ಸಮಯ ಮತ್ತು ಹೊರಟ ಸಮಯಗಳ ಅಂತರವನ್ನು ಬರೆದಿಟ್ಟರೆ, ಬೈಗುಳ ತಿನ್ನುವ ರಾತ್ರಿಪಾಳಿಯ ವೈದ್ಯರ ಕೈಗೆ ಹೆಚ್ಚಿನ ಹಾಸಿಗೆ ಕೇಳಲು ಆಧಾರ ಸಿಗುತ್ತದೆ. ಅಳತೆ ಸಿಬ್ಬಂದಿಯ ಶತ್ರುವಲ್ಲ.

ಕಾನೂನು ಏನು ಹೇಳುತ್ತದೆ?

ಗಾಯಾಳುವಿನ ಜೀವ ಉಳಿಸುವುದು ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿತು. ರೈಲಿನಿಂದ ಬಿದ್ದ ವ್ಯಕ್ತಿಯನ್ನು ಕೋಲ್ಕತ್ತದ ಹಲವು ಸರ್ಕಾರಿ ಆಸ್ಪತ್ರೆಗಳು ಹಾಸಿಗೆ ಇಲ್ಲವೆಂದು ಸುತ್ತಾಡಿಸಿದ ಪ್ರಕರಣದಲ್ಲಿ, ಸಕಾಲಿಕ ಚಿಕಿತ್ಸೆ ನಿರಾಕರಣೆಯು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದು 1996ರಲ್ಲಿ ತೀರ್ಪಿತ್ತಿತು. 'ಸಕಾಲಿಕ' ಎಂಬ ಪದಕ್ಕೆ ಅರ್ಥ ಬರುವುದು ಕಾಲವನ್ನು ಬರೆದಿಟ್ಟಾಗ ಮಾತ್ರ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಸಾವು ಸಂಭವಿಸಿದ ಮೇಲೆ ತನಿಖೆಗೆ ಆದೇಶಿಸುವುದು ನಮ್ಮ ರೂಢಿ. ಅದಕ್ಕಿಂತ ತಿಂಗಳಿಗೊಮ್ಮೆ ವೈದ್ಯರು, ದಾದಿಯರು ಹಾಗೂ ಆಂಬುಲೆನ್ಸ್ ಸಿಬ್ಬಂದಿ ಒಟ್ಟಿಗೆ ಕುಳಿತು ಗಡುವು ಮೀರಿದ ಪ್ರಕರಣಗಳನ್ನು ಪರಿಶೀಲಿಸುವುದು ಮೇಲು. ಓದುಗರೂ ಒಂದು ಕೆಲಸ ಮಾಡಬಹುದು. ತುರ್ತು ಸಂದರ್ಭದಲ್ಲಿ ತೊಂದರೆ ಆರಂಭವಾದ ಸಮಯವನ್ನು ಗುರುತಿಟ್ಟುಕೊಂಡು ವೈದ್ಯರಿಗೆ ತಿಳಿಸಿ. ಬೇರೆಡೆಗೆ ಕಳುಹಿಸುವಾಗ ಚೀಟಿಯಲ್ಲಿ ಬಂದ ಹಾಗೂ ಹೊರಟ ಸಮಯವನ್ನು ಬರೆದುಕೊಡುವಂತೆ ಕೇಳಿ. ಮುಂದಿನ ಆಸ್ಪತ್ರೆಯ ವೈದ್ಯರಿಗೆ ಆ ಎರಡು ಅಂಕಿಗಳು ತಕ್ಷಣವೇ ಉಪಯೋಗಕ್ಕೆ ಬರುತ್ತವೆ.